ಮನೆಯ ಅಪ್‌ರೈಟ್ ಫ್ರೀಜರ್: ಪದೇ ಪದೇ ಕೇಳುವ ಪ್ರಶ್ನೆಗಳು

ಬೀರುವಿನ ಹಾಗೆ ನೆಟ್ಟಗೆ ನಿಂತು, ಮುಂದಕ್ಕೆ ಬಾಗಿಲು ತೆರೆಯುವ ಫ್ರೀಜರ್ ಬಗ್ಗೆ ಈ ಬರಹ. ಫ್ರಿಜ್ಜಿನ ಮೇಲಿನ ಪುಟ್ಟ ಖಾನೆಯ ಬಗ್ಗೆ ಅಲ್ಲ. ಇಂಥದ್ದೊಂದನ್ನು ವರ್ಷಗಟ್ಟಲೆ ಇಟ್ಟುಕೊಂಡು, ಕೆಲವು ಸಲ ಕೈಯಾರೆ ಕೆಡಿಸಿಕೊಂಡು ಕಲಿತದ್ದು ಇಲ್ಲಿದೆ. ಓದುತ್ತಾ ಹೋದರೆ ನಿಮಗೇ ಗೊತ್ತಾಗುತ್ತದೆ, ಅರ್ಧಕ್ಕರ್ಧ ಉತ್ತರಗಳು ಸುತ್ತಿ ಬಳಸಿ ಬಾಗಿಲ ಹತ್ತಿರವೇ ಬಂದು ನಿಲ್ಲುತ್ತವೆ.

ಫ್ರಿಜ್ಜಿನಲ್ಲೇ ಫ್ರೀಜರ್ ಇದೆಯಲ್ಲ, ಬೇರೆ ಯಾಕೆ?

ಬೇಡದಿದ್ದರೆ ಬೇಡ. ಆ ಖಾನೆ ವಾರಕ್ಕೆ ಮೂರು ಸಲ ತುಂಬಿ ತುಳುಕುತ್ತಿದ್ದರೆ, ಒಟ್ಟಿಗೆ ತಂದು ತಿಂಗಳುಗಟ್ಟಲೆ ಇಡುವ ಅಭ್ಯಾಸ ಇದ್ದರೆ ಮಾತ್ರ ಯೋಚಿಸಿ. ಅರ್ಧ ಖಾಲಿ ಬಿದ್ದಿರುವ ದೊಡ್ಡ ಫ್ರೀಜರ್ ಸುಮ್ನೆ ಕರೆಂಟ್ ತಿನ್ನುತ್ತದೆ.

ಪೆಟ್ಟಿಗೆ ಥರ ಮೇಲಕ್ಕೆ ಮುಚ್ಚಳ ತೆರೆಯುವ ಚೆಸ್ಟ್ ಫ್ರೀಜರ್ ಒಳ್ಳೆಯದಾ, ಅಪ್‌ರೈಟ್ ಒಳ್ಳೆಯದಾ?

ತಣ್ಣನೆಯ ಗಾಳಿ ಭಾರ. ಪೆಟ್ಟಿಗೆಯ ಮುಚ್ಚಳ ಎತ್ತಿದರೆ ಅದು ಬಾವಿಯೊಳಗಿನ ನೀರಿನ ಹಾಗೆ ಒಳಗೇ ಕೂತಿರುತ್ತದೆ. ಅಪ್‌ರೈಟ್ ಬಾಗಿಲು ತೆರೆದರೆ ನಿಮ್ಮ ಕಾಲಿನ ಮೇಲೆ ಸುರಿದು ಹೋಗುತ್ತದೆ. ಇದನ್ನೇ ಹೇಳಿ ಅಪ್‌ರೈಟ್ ದಂಡ ಅನ್ನುವವರಿದ್ದಾರೆ. ಲೆಕ್ಕ ಹಾಕಿ ನೋಡಿದರೆ ವಿಷಯ ಸ್ವಲ್ಪ ಬೇರೆ. 250 ಲೀಟರ್ ಗಾಳಿಯನ್ನು 25 ಡಿಗ್ರಿಯಿಂದ ಮೈನಸ್ 18ಕ್ಕೆ ಇಳಿಸಲು ಸುಮಾರು 13 ಕಿಲೋಜೂಲ್ ಶಾಖ ತೆಗೆದರೆ ಸಾಕು. ಒಂದೇ ಒಂದು ಲೀಟರ್ ನೀರನ್ನು ಅಷ್ಟೇ ತಣ್ಣಗೆ ಮಾಡಲು 475 ಕಿಲೋಜೂಲ್ ಹತ್ತಿರ ಬೇಕು. ಅಂದರೆ ಬಾಗಿಲು ತೆಗೆದು ಹಾಕಿದ್ದಕ್ಕಿಂತ, ಬಿಸಿ ಪಾತ್ರೆಯೊಂದನ್ನು ಒಳಗೆ ಇಟ್ಟದ್ದೇ ಯಂತ್ರಕ್ಕೆ ಎಷ್ಟೋ ಪಟ್ಟು ಜಾಸ್ತಿ ಹೊರೆ.

ಹಾಗಾದರೆ ಬಾಗಿಲು ತೆರೆದರೆ ತೊಂದರೆ ಇಲ್ಲವಾ? ಇದೆ. ಗಾಳಿಯ ಜೊತೆ ತೇವ ಬರುತ್ತದೆ, ಅದು ಒಳಗೆ ಐಸ್ ಆಗಿ ಕೂರುತ್ತದೆ. ಅಪ್‌ರೈಟ್‌ನ ನಿಜವಾದ ತಲೆನೋವು ಶಾಖ ಅಲ್ಲ, ಈ ತೇವ.

ಒಂದೇ ಅಳತೆಯ ಎರಡನ್ನು ಹೋಲಿಸಿದರೆ ಸಾಮಾನ್ಯವಾಗಿ ಚೆಸ್ಟ್ ಫ್ರೀಜರ್‌ಗೆ ಕರೆಂಟ್ ಕಡಿಮೆ ಬೇಕು. ಕರೆಂಟ್ ಹೋದಾಗಲೂ ಅದು ಹೆಚ್ಚು ಹೊತ್ತು ತಡೆಯುತ್ತದೆ. ಆದರೆ ಅದರ ತಳದಲ್ಲಿ ಏನಿದೆ ಅಂತ ಯಾರಿಗೂ ನೆನಪಿರುವುದಿಲ್ಲ. ಬೇಕಾದ್ದು ಯಾವಾಗಲೂ ಕೆಳಗೇ ಇರುತ್ತದೆ, ಸೊಂಟ ಬಗ್ಗಿಸಿ ಹುಡುಕಬೇಕು. ಅಪ್‌ರೈಟ್‌ನಲ್ಲಿ ಎಲ್ಲವೂ ಕಣ್ಣೆದುರಿಗೆ ಇರುತ್ತದೆ, ಜಾಗವೂ ಕಡಿಮೆ ಸಾಕು. ಮರೆತು ಎಸೆಯುವ ಆಹಾರದ ಲೆಕ್ಕವನ್ನೂ ಸೇರಿಸಿದರೆ ನನ್ನ ಮತ ಅಪ್‌ರೈಟ್‌ಗೆ.

ಡ್ರಾಯರ್ ಇರುವುದು ತೆಗೆದುಕೊಳ್ಳಬೇಕಾ, ಬರೀ ತಟ್ಟೆ ಇರುವುದಾ?

ಡ್ರಾಯರ್. ಬಾಗಿಲು ತೆರೆದಾಗ ತಣ್ಣನೆಯ ಗಾಳಿ ಅಷ್ಟು ಸುಲಭವಾಗಿ ಸುರಿದು ಹೋಗುವುದಿಲ್ಲ. ಪೊಟ್ಟಣ ಕಾಲ ಮೇಲೆ ಬೀಳುವುದೂ ಇಲ್ಲ.

ಫ್ರಾಸ್ಟ್ ಫ್ರೀ ಅಂದರೆ ಏನು? ಅದು ಬೇಕಾ?

ಫ್ರಾಸ್ಟ್ ಫ್ರೀ ಮಾದರಿಯಲ್ಲಿ ತಂಪಾಗುವ ಕಾಯಿಲ್ (ಸುತ್ತಿದ ಪೈಪು) ಹಿಂದಿನ ಗೋಡೆಯ ಮರೆಯಲ್ಲಿರುತ್ತದೆ. ಒಂದು ಫ್ಯಾನ್ ಅಲ್ಲಿಂದ ಗಾಳಿಯನ್ನು ಎಲ್ಲಾ ಖಾನೆಗೂ ತಳ್ಳುತ್ತದೆ. ತೇವವೆಲ್ಲ ಆ ಕಾಯಿಲ್ ಮೇಲೆ ಐಸ್ ಆಗಿ ಕಟ್ಟುತ್ತದೆ. ಆಗಾಗ ಒಂದು ಚಿಕ್ಕ ಹೀಟರ್ ತಾನಾಗೇ ಹೊತ್ತಿಕೊಂಡು ಅದನ್ನು ಕರಗಿಸುತ್ತದೆ. ನೀರು ಕೊಳವೆಯಲ್ಲಿ ಇಳಿದು ಕಂಪ್ರೆಸರ್ (ಗ್ಯಾಸ್ ಒತ್ತುವ ಮೋಟಾರು) ಹತ್ತಿರದ ತಟ್ಟೆಗೆ ಬೀಳುತ್ತದೆ, ಅಲ್ಲಿನ ಬಿಸಿಗೆ ಆವಿಯಾಗುತ್ತದೆ. ಫ್ರೀಜರ್ ಒಳಗೆ ಹೀಟರ್ ಅಂದರೆ ಕೇಳುವವರು ನಗುತ್ತಾರೆ. ಆದರೆ ಇರುವುದು ನಿಜ.

ಕೈಯಲ್ಲೇ ಡಿಫ್ರಾಸ್ಟ್ ಮಾಡುವ, ಅಂದರೆ ಕಟ್ಟಿದ ಐಸನ್ನು ನಾವೇ ಕರಗಿಸಿ ತೆಗೆಯುವ ಮಾದರಿಯಲ್ಲಿ ಫ್ಯಾನ್, ಹೀಟರ್ ಯಾವುದೂ ಇಲ್ಲ. ಹಲವು ಅಪ್‌ರೈಟ್‌ಗಳಲ್ಲಿ ನೀವು ಸಾಮಾನು ಇಡುವ ತಟ್ಟೆಯೊಳಗೇ ತಂಪಿನ ಪೈಪು ಓಡುತ್ತದೆ. ಹಾಗಾಗಿ ತಟ್ಟೆ ಬಿಚ್ಚಲು ಬರುವುದಿಲ್ಲ. ಇದರಲ್ಲಿ ತಾಪಮಾನ ಹೆಚ್ಚು ಏರಿಳಿಯುವುದಿಲ್ಲ, ಆಹಾರ ಬೇಗ ಒಣಗುವುದಿಲ್ಲ, ಸದ್ದೂ ಕಡಿಮೆ. ಬದಲಿಗೆ ವರ್ಷಕ್ಕೆ ಒಂದೆರಡು ಸಲ ಅರ್ಧ ದಿನ ನೀವು ದುಡಿಯಬೇಕು. ಆ ಕೆಲಸವನ್ನು ಮುಂದೂಡುವ ಸ್ವಭಾವ ನಿಮ್ಮದಾದರೆ ಫ್ರಾಸ್ಟ್ ಫ್ರೀ ತೆಗೆದುಕೊಳ್ಳಿ. ನನ್ನದೂ ಅದೇ ಸ್ವಭಾವ, ಅದಕ್ಕೇ ಹೇಳುತ್ತಿದ್ದೇನೆ.

ಒಳಗೆ ತಂಪು ಎಲ್ಲಿಂದ ಬರುತ್ತದೆ?

ತಂಪು ಎಲ್ಲಿಂದಲೂ ಬರುವುದಿಲ್ಲ, ಒಳಗಿನ ಶಾಖ ಹೊರಗೆ ಹೋಗುತ್ತದೆ. ಪೈಪಿನಲ್ಲಿ ಸುತ್ತುವ ಗ್ಯಾಸ್ ಕಡಿಮೆ ಒತ್ತಡದಲ್ಲಿ ಕುದಿಯುವಾಗ ಸುತ್ತಲಿನ ಶಾಖ ಹೀರುತ್ತದೆ. ಕಂಪ್ರೆಸರ್ ಅದನ್ನು ಒತ್ತಿ ಬಿಸಿ ಮಾಡುತ್ತದೆ. ಹೊರಗಿನ ಪೈಪುಗಳಲ್ಲಿ ಆ ಶಾಖ ನಿಮ್ಮ ಕೋಣೆಗೆ ಇಳಿದು, ಗ್ಯಾಸ್ ಮತ್ತೆ ದ್ರವವಾಗುತ್ತದೆ. ಬಹಳ ಸಣ್ಣ ರಂಧ್ರದ ಒಂದು ಕ್ಯಾಪಿಲರಿ ಕೊಳವೆ ದಾಟಿ ಒತ್ತಡ ಕುಸಿದಾಗ ಮತ್ತೆ ಕುದಿತ ಶುರು. ಫ್ರೀಜರ್ ಬಾಗಿಲು ತೆರೆದಿಟ್ಟು ಕೋಣೆ ತಂಪು ಮಾಡಲು ಆಗದಿರುವುದು ಇದಕ್ಕೇ. ಒಳಗಿಂದ ತೆಗೆದ ಶಾಖದ ಜೊತೆ ಮೋಟಾರಿನ ಶಾಖವೂ ಅದೇ ಕೋಣೆಗೆ ಬೀಳುತ್ತದೆ.

ಈಗಿನ ಮನೆ ಫ್ರೀಜರ್‌ಗಳಲ್ಲಿ ಹೆಚ್ಚಾಗಿ ಇರುವ ಗ್ಯಾಸ್ ಆರ್600ಎ, ಅಂದರೆ ಐಸೋಬ್ಯೂಟೇನ್. ಹಿಂದೆ ಇದ್ದ ಆರ್12 ಓಜೋನ್ ಪದರಕ್ಕೆ ಹಾನಿ ಮಾಡುತ್ತಿತ್ತು. 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಅದು ಮರೆಯಾಯಿತು. ಐಸೋಬ್ಯೂಟೇನ್ ಹೊತ್ತಿಕೊಳ್ಳುವ ಗ್ಯಾಸ್. ಇರುವುದು ಕೆಲವು ಹತ್ತು ಗ್ರಾಂ ಮಾತ್ರ, ಹಾಗಾಗಿ ಭಯ ಬೇಡ. ಆದರೆ ಪೈಪಿಗೆ ಮೊಳೆ, ಚಾಕು ತಾಗಿಸಬೇಡಿ.

ಎಲ್ಲಿ ಇಡಬೇಕು?

ಬಿಸಿಲು ಬೀಳದ, ಒಲೆಯಿಂದ ದೂರದ, ಗಾಳಿಯಾಡುವ ಜಾಗದಲ್ಲಿ. ಪಕ್ಕ, ಹಿಂದೆ, ಮೇಲೆ ಎಷ್ಟು ಜಾಗ ಬಿಡಬೇಕು ಅಂತ ಕೈಪಿಡಿಯಲ್ಲಿ ಇರುತ್ತದೆ, ಅಷ್ಟು ಬಿಡಿ. ನೆಲ ಮಟ್ಟವಾಗಿರಲಿ, ಮುಂಭಾಗ ಒಂದು ಕೂದಲೆಳೆ ಎತ್ತರವಿದ್ದರೆ ಬಾಗಿಲು ತನ್ನ ತೂಕಕ್ಕೇ ಮುಚ್ಚಿಕೊಳ್ಳುತ್ತದೆ.

ಯಂತ್ರದ ಚೀಟಿಯಲ್ಲಿ ಎಸ್‌ಎನ್, ಎನ್, ಎಸ್‌ಟಿ, ಟಿ ಅಂತ ಅಕ್ಷರ ಇರುತ್ತದೆ, ಯಾರೂ ನೋಡುವುದಿಲ್ಲ. ಅದು ಕೋಣೆಯ ತಾಪಮಾನದ ಮಿತಿ. ಎಸ್‌ಎನ್ ಅಂದರೆ 10ರಿಂದ 32 ಡಿಗ್ರಿ, ಎನ್ 16ರಿಂದ 32, ಎಸ್‌ಟಿ 16ರಿಂದ 38, ಟಿ 16ರಿಂದ 43. ಗ್ಯಾರೇಜಿನಲ್ಲೋ ಮೇಲ್ಛಾವಣಿ ಬಿಸಿಲಿಗೆ ಕಾದು ಬಿಸಿಯಾಗುವ ಕೋಣೆಯಲ್ಲೋ ಇಡುವವರು ಕೊಳ್ಳುವ ಮುಂಚೆ ಇದನ್ನು ನೋಡಲೇಬೇಕು.

ಮನೆಗೆ ಬಂದ ದಿನ ಏನು ಮಾಡಬೇಕು?

ನೆಟ್ಟಗೆ ಸಾಗಿಸಿದ್ದರೆ ಕೈಪಿಡಿ ಹೇಳಿದಷ್ಟು ಹೊತ್ತು ಬಿಟ್ಟು ಪ್ಲಗ್ ಹಾಕಿ. ಮಲಗಿಸಿ ತಂದಿದ್ದರೆ ಒಂದು ದಿನ ನಿಲ್ಲಿಸಿಡಿ. ಕಂಪ್ರೆಸರಿನ ಎಣ್ಣೆ ಪೈಪಿಗೆ ಹರಿದಿರಬಹುದು, ಅದು ವಾಪಸ್ ಇಳಿಯಬೇಕು. ಆಮೇಲೆ ಖಾಲಿ ಓಡಿಸಿ, ಮೈನಸ್ 18 ಮುಟ್ಟಿದ ಮೇಲೆ ಸಾಮಾನು ಇಡಿ.

ಎಷ್ಟು ಡಿಗ್ರಿ ಇಡಬೇಕು? ಮೈನಸ್ 18 ಯಾಕೆ, 15 ಯಾಕಲ್ಲ?

ಮೈನಸ್ 18 ಡಿಗ್ರಿ ಸೆಲ್ಸಿಯಸ್ ಇಡಿ. ಇದು ಫ್ಯಾರನ್‌ಹೀಟ್ ಅಳತೆಯ ಸೊನ್ನೆ, ಅದಕ್ಕೇ ಇಷ್ಟು ಸೊಟ್ಟ ಸಂಖ್ಯೆ. ಈ ಚಳಿಯಲ್ಲಿ ಬ್ಯಾಕ್ಟೀರಿಯಾ, ಬೂಷ್ಟು ಬೆಳೆಯುವುದಿಲ್ಲ. ಆದರೆ ಎಲ್ಲವೂ ಸಾಯುವುದಿಲ್ಲ, ನಿದ್ದೆ ಮಾಡುತ್ತವೆ ಅಷ್ಟೇ. ಕರಗಿದ ಕೂಡಲೇ ಎದ್ದು ಕೂರುತ್ತವೆ. ಮೈನಸ್ 12ರಲ್ಲೂ ಆಹಾರ ಗಟ್ಟಿಯಾಗಿಯೇ ಕಾಣುತ್ತದೆ. ಆದರೆ ರುಚಿ, ಬಣ್ಣ ಕೆಡಿಸುವ ಕ್ರಿಯೆಗಳು ಅಲ್ಲಿ ಹೆಚ್ಚು ವೇಗವಾಗಿ ನಡೆಯುತ್ತವೆ. ಮುಟ್ಟಿ ನೋಡಿ ವ್ಯತ್ಯಾಸ ಹೇಳಲು ಆಗುವುದಿಲ್ಲ, ಒಂದು ಥರ್ಮಾಮೀಟರ್ ಕೊಂಡುಕೊಳ್ಳಿ. ಅದನ್ನು ಬಾಗಿಲ ಖಾನೆಯಲ್ಲಿ ಇಡಬೇಡಿ, ಪೊಟ್ಟಣಗಳ ನಡುವೆ ಸಿಕ್ಕಿಸಿ ಮರುದಿನ ನೋಡಿ.

ಬಾಗಿಲು ಮುಚ್ಚಿ ತಕ್ಷಣ ಎಳೆದರೆ ಬರುವುದಿಲ್ಲ. ಕೆಟ್ಟಿದೆಯಾ?

ಇಲ್ಲ, ಖುಷಿ ಪಡಿ. ಒಳಗೆ ನುಗ್ಗಿದ ಬೆಚ್ಚನೆಯ ಗಾಳಿ ತಣ್ಣಗಾಗುತ್ತಾ ಕುಗ್ಗುತ್ತದೆ. 25 ಡಿಗ್ರಿಯ ಗಾಳಿ ಮೈನಸ್ 18ಕ್ಕೆ ಇಳಿದರೆ ಶೇಕಡ 14ರಷ್ಟು ಕುಗ್ಗಬೇಕು. ಬಾಗಿಲ ರಬ್ಬರ್ ಬಿಗಿಯಾಗಿದ್ದರೆ ಹೊರಗಿನ ಗಾಳಿ ಬಾಗಿಲನ್ನು ಒತ್ತಿ ಹಿಡಿಯುತ್ತದೆ. ಒಂದೆರಡು ನಿಮಿಷ ಬಿಟ್ಟರೆ ಸಡಿಲವಾಗುತ್ತದೆ. ಜಗ್ಗಿ ಹಿಡಿ ಮುರಿದುಕೊಳ್ಳಬೇಡಿ. ಮೊದಲೆಲ್ಲ ಹೀಗೆ ಅಂಟುತ್ತಿದ್ದ ಬಾಗಿಲು ಈಗ ಸಲೀಸಾಗಿ ಬರುತ್ತಿದೆ ಅಂದರೆ ಆಗ ರಬ್ಬರ್ ನೋಡಿ.

ರಬ್ಬರ್ ಸರಿ ಇದೆಯಾ ಅಂತ ಹೇಗೆ ತಿಳಿಯುವುದು?

ಒಂದು ಕಾಗದದ ಚೂರನ್ನು ಬಾಗಿಲಿಗೆ ಸಿಕ್ಕಿಸಿ ಮುಚ್ಚಿ, ಎಳೆಯಿರಿ. ಹಿಡಿದು ಹಿಡಿದು ಬಂದರೆ ಸರಿ, ಜಾರಿ ಬಂದರೆ ಅಲ್ಲಿ ಸಂದು ಇದೆ. ನಾಲ್ಕೂ ಬದಿ ಹೀಗೆ ನೋಡಿ, ಹಿಂಜಿನ ಕಡೆಯನ್ನು ಮರೆಯಬೇಡಿ. ಇನ್ನೊಂದು ಉಪಾಯ: ರಾತ್ರಿ ದೀಪ ಆರಿಸಿ, ಉರಿಯುವ ಟಾರ್ಚನ್ನು ಒಳಗಿಟ್ಟು ಬಾಗಿಲು ಮುಚ್ಚಿ. ಬೆಳಕು ಇಣುಕಿದಲ್ಲಿ ಗಾಳಿಯೂ ಇಣುಕುತ್ತದೆ.

ಬಹಳ ಸಲ ರಬ್ಬರ್ ಕೆಟ್ಟಿರುವುದಿಲ್ಲ, ಕೊಳೆಯಾಗಿರುತ್ತದೆ. ಅದರ ಮಡಿಕೆಯಲ್ಲಿ ಚೆಲ್ಲಿದ ಜ್ಯೂಸ್, ಚೂರುಗಳು ಸೇರಿ ಅಂಟಾಗಿರುತ್ತವೆ. ಬೆಚ್ಚನೆಯ ಸೋಪಿನ ನೀರಲ್ಲಿ ಬಟ್ಟೆ ಅದ್ದಿ ಒರೆಸಿ, ಒಣಗಿಸಿ. ಸೊಟ್ಟಗಾಗಿದ್ದರೆ ಹೇರ್ ಡ್ರೈಯರ್‌ನ ಮೆಲು ಬಿಸಿ ಹಿಡಿದು ಕೈಯಲ್ಲಿ ತೀಡಿದರೆ ಮೊದಲಿನ ಆಕಾರಕ್ಕೆ ಬರುತ್ತದೆ. ಹರಿದಿದ್ದರೆ ಬದಲಾಯಿಸಲೇಬೇಕು.

ನನ್ನ ಕಥೆ ಕೇಳಿ. ಒಂದು ರಾತ್ರಿ ಬ್ರೆಡ್ ಪೊಟ್ಟಣದ ಮೂಲೆ ಸ್ವಲ್ಪ ಹೊರಗೆ ಚಾಚಿಕೊಂಡಿತ್ತು, ಬಾಗಿಲು ಬೆರಳಿನಷ್ಟು ತೆರೆದೇ ಉಳಿಯಿತು. ಬೆಳಿಗ್ಗೆ ನೋಡಿದರೆ ಮೇಲಿನ ಡ್ರಾಯರ್ ತುಂಬಾ ಹತ್ತಿಯ ಹಾಗೆ ಐಸ್. ಕಂಪ್ರೆಸರ್ ರಾತ್ರಿಯಿಡೀ ನಿಲ್ಲದೆ ಓಡಿ ಸುಡುತ್ತಿತ್ತು. ಆಮೇಲಿಂದ ಬಾಗಿಲು ಮುಚ್ಚಿದ ಮೇಲೆ ಅಂಗೈಯಿಂದ ಒಂದು ಸಲ ಒತ್ತುವುದು ನನಗೆ ರೂಢಿ. ಮನೆಯವರು ನಗುತ್ತಾರೆ, ನಗಲಿ. ಬಾಗಿಲು ತೆರೆದಿದ್ದರೆ ಕೂಗುವ ಅಲಾರಂ ಇರುವ ಮಾದರಿ ಸಿಕ್ಕರೆ ಅದಕ್ಕೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟ ಇಲ್ಲ.

ಪಕ್ಕದ ತಗಡು ಬಿಸಿಯಾಗುತ್ತದಲ್ಲ?

ಆಗಬೇಕು. ಶಾಖ ಹೊರಹಾಕುವ ಪೈಪುಗಳು ಈಗ ಹೆಚ್ಚಾಗಿ ಪಕ್ಕದ ಗೋಡೆಯೊಳಗೇ ಇರುತ್ತವೆ. ಬಾಗಿಲ ಚೌಕಟ್ಟಿನ ಸುತ್ತಲೂ ಒಂದು ಬಿಸಿ ಪೈಪು ಓಡುತ್ತದೆ, ಅಲ್ಲಿ ಬೆವರು ಕಟ್ಟದಿರಲಿ ಅಂತ. ಹೊಸ ಫ್ರೀಜರ್ ಮೊದಲ ದಿನ, ಅಥವಾ ಜಾಸ್ತಿ ಸಾಮಾನು ತುಂಬಿದ ದಿನ, ಇನ್ನೂ ಬಿಸಿ ಇರುತ್ತದೆ.

ಏನೇನೋ ಸದ್ದು ಬರುತ್ತದೆ, ಯಾವುದಕ್ಕೆ ಹೆದರಬೇಕು?

ಗುಳುಗುಳು, ಬುಸ್ ಅನ್ನುವುದು ಪೈಪಿನಲ್ಲಿ ಗ್ಯಾಸ್ ಓಡುವ ಸದ್ದು. ಟಪ್ ಅಂದರೆ ಪ್ಲಾಸ್ಟಿಕ್ ಹಿಗ್ಗಿ ಕುಗ್ಗುತ್ತಿದೆ. ಚುಯ್ ಅಂದರೆ ಡಿಫ್ರಾಸ್ಟ್ ಹೀಟರ್ ಮೇಲೆ ನೀರಿನ ಹನಿ ಬಿದ್ದಿದೆ. ಇವೆಲ್ಲ ಮಾಮೂಲಿ. ಫ್ಯಾನ್ ಕರಕರ ಅಂತ ಉಜ್ಜಿದರೆ ಅದಕ್ಕೆ ಐಸ್ ತಾಗುತ್ತಿದೆ ಅಂತ ಲೆಕ್ಕ. ಕಂಪ್ರೆಸರ್ ಕೆಲವು ನಿಮಿಷಕ್ಕೊಮ್ಮೆ ಹುಂ ಅಂದು, ಕ್ಲಿಕ್ ಅಂದು, ಶುರುವಾಗದೆ ನಿಲ್ಲುತ್ತಿದ್ದರೆ ಮಾತ್ರ ಮೆಕ್ಯಾನಿಕ್ ಕರೆಯಿರಿ. ಆ ಹೊತ್ತಿಗೆ ಒಳಗಿನದ್ದು ಕರಗುತ್ತಿರುತ್ತದೆ.

ಫ್ರಾಸ್ಟ್ ಫ್ರೀ ಅಂತ ಕೊಂಡೆ, ಆದರೂ ಐಸ್ ಕಟ್ಟುತ್ತಿದೆ.

ಎಲ್ಲಿ ಕಟ್ಟಿದೆ ನೋಡಿ, ಅದೇ ಉತ್ತರ ಹೇಳುತ್ತದೆ. ಬಾಗಿಲ ಹತ್ತಿರ, ಡ್ರಾಯರಿನ ಮುಂಭಾಗದಲ್ಲಿ ಕಟ್ಟಿದ್ದರೆ ಹೊರಗಿನ ಗಾಳಿ ಒಳಗೆ ಬರುತ್ತಿದೆ, ಅಂದರೆ ರಬ್ಬರ್ ಅಥವಾ ಬಾಗಿಲು. ಹಿಂದಿನ ಗೋಡೆಯ ಮೇಲೆ ದಪ್ಪ ಪದರ ಕಟ್ಟಿ, ಆಹಾರವೂ ಮೆತ್ತಗಾಗುತ್ತಿದ್ದರೆ ಡಿಫ್ರಾಸ್ಟ್ ವ್ಯವಸ್ಥೆ ಕೆಲಸ ಮಾಡುತ್ತಿಲ್ಲ. ಹೀಟರ್, ಸೆನ್ಸರ್, ಟೈಮರ್ ಇವುಗಳಲ್ಲಿ ಒಂದು ಹೋಗಿದೆ. ತಳದಲ್ಲಿ ಐಸಿನ ಹಾಳೆ, ನೆಲದ ಮೇಲೆ ನೀರು ಕಂಡರೆ ನೀರಿಳಿಯುವ ಕೊಳವೆ ಕಟ್ಟಿಕೊಂಡಿದೆ. ಪೊಟ್ಟಣದ ಒಳಗೇ ಐಸ್ ಇದ್ದರೆ ಅದು ಆಹಾರದಿಂದಲೇ ಹೊರಬಂದ ನೀರು, ಯಂತ್ರವನ್ನು ಬೈಯಬೇಡಿ.

ಕೈಯಲ್ಲಿ ಡಿಫ್ರಾಸ್ಟ್ ಮಾಡುವುದು ಹೇಗೆ?

ಐಸ್ ಅರ್ಧ ಸೆಂಟಿಮೀಟರ್ ದಾಟಿದಾಗ ಮಾಡಿ. ಸಾಮಾನು ಕಡಿಮೆ ಇರುವ ದಿನ ಆರಿಸಿಕೊಳ್ಳಿ. ಪ್ಲಗ್ ಕಿತ್ತು, ಆಹಾರವನ್ನೆಲ್ಲ ಒತ್ತಾಗಿ ಒಂದು ಪೆಟ್ಟಿಗೆಗೆ ತುಂಬಿ ಕಂಬಳಿ ಸುತ್ತಿ. ಬಿಸಿನೀರಿನ ಪಾತ್ರೆಗಳನ್ನು ತಟ್ಟೆಗಳ ಮೇಲೆ ಬಟ್ಟೆ ಹಾಸಿ ಇಟ್ಟು ಬಾಗಿಲು ಮುಚ್ಚಿ. ಇಪ್ಪತ್ತು ನಿಮಿಷಕ್ಕೆ ಐಸ್ ತಾನಾಗೇ ಚಕ್ಕೆಚಕ್ಕೆಯಾಗಿ ಕಳಚುತ್ತದೆ. ಕೆಳಗೆ ಹಳೇ ಟವೆಲ್ ಹಾಸಿಡಿ.

ಚಾಕು, ಸ್ಕ್ರೂಡ್ರೈವರ್ ಮಾತ್ರ ಮುಟ್ಟಬೇಡಿ. ಐಸಿನ ಅಡಿಯಲ್ಲೇ ಗ್ಯಾಸ್ ಪೈಪು ಇದೆ. ಒಂದು ಚುಚ್ಚಿಗೆ ಫ್ರೀಜರ್ ಕಥೆ ಮುಗಿಯಿತು, ಅವಸರದ ಎಷ್ಟೋ ಫ್ರೀಜರ್‌ಗಳು ಹೀಗೇ ಸತ್ತಿವೆ. ಪೂರ್ತಿ ಒರೆಸಿ ಒಣಗಿದ ಮೇಲೆ ಶುರು ಮಾಡಿ. ಒದ್ದೆ ಉಳಿದರೆ ಅದೇ ಮರುದಿನದ ಐಸ್.

ಹೇಗೆ ತುಂಬಬೇಕು?

ಬಿಸಿ ಆಹಾರವನ್ನು ಮೊದಲು ಆರಿಸಿ, ಫ್ರಿಜ್ಜಿನಲ್ಲಿ ತಣ್ಣಗೆ ಮಾಡಿ, ಆಮೇಲೆ ಇಡಿ. ಒಂದೇ ದಿನ ರಾಶಿ ತುಂಬಬೇಡಿ. ದಿನಕ್ಕೆ ಎಷ್ಟು ಕಿಲೋ ಹೆಪ್ಪುಗಟ್ಟಿಸಬಹುದು ಅಂತ ಯಂತ್ರದ ಚೀಟಿಯಲ್ಲೇ ಬರೆದಿರುತ್ತದೆ. ಜಾಸ್ತಿ ಇಡುವುದಿದ್ದರೆ ಹಿಂದಿನ ದಿನವೇ, ಒಳಗೆ ಇನ್ನಷ್ಟು ತಣ್ಣಗೆ ಮಾಡುವ ಸೂಪರ್ ಫ್ರೀಜ್ ಗುಂಡಿ ಒತ್ತಿ.

ಬೇಗ ಹೆಪ್ಪುಗಟ್ಟುವುದು ಯಾಕೆ ಮುಖ್ಯ? ನಿಧಾನವಾಗಿ ಗಟ್ಟಿಯಾದರೆ ಒಳಗಿನ ನೀರು ದೊಡ್ಡ ದೊಡ್ಡ ಹರಳಾಗಿ ಜೀವಕೋಶಗಳನ್ನು ಹರಿಯುತ್ತದೆ. ಕರಗಿಸಿದಾಗ ಎಲ್ಲಾ ರಸ ಹರಿದು ಹೋಗಿ ಆಹಾರ ಮೆತ್ತಗಾಗುತ್ತದೆ. ಬೇಗ ಆದರೆ ಹರಳು ಚಿಕ್ಕದು. ಅಮೆರಿಕದ ಕ್ಲಾರೆನ್ಸ್ ಬರ್ಡ್ಸ್‌ಐ 1910ರ ದಶಕದಲ್ಲಿ ಈಗಿನ ಕೆನಡಾದ ಲ್ಯಾಬ್ರಡಾರ್‌ನಲ್ಲಿದ್ದಾಗ, ಅಲ್ಲಿನ ಇನುಯಿಟ್ ಜನ ಹಿಡಿದ ಮೀನು ಕಡುಚಳಿಗೆ ಕ್ಷಣದಲ್ಲಿ ಗಟ್ಟಿಯಾಗುವುದನ್ನೂ ಕರಗಿಸಿದಾಗ ತಾಜಾ ಇರುವುದನ್ನೂ ಕಂಡರು. ಇಂದಿನ ಫ್ರೋಜನ್ ಆಹಾರದ ಉದ್ಯಮ ಬೆಳೆದದ್ದು ಆ ಪಾಠದ ಮೇಲೆ. ಮನೆಯಲ್ಲಿ ನಾವು ಮಾಡಬಹುದಾದ್ದು ಇಷ್ಟೇ: ತೆಳ್ಳಗೆ, ಚಪ್ಪಟೆಯಾಗಿ ಕಟ್ಟಿ ಇಡುವುದು. ಗುಂಡಗಿನ ಡಬ್ಬಿಯ ನಡುಭಾಗ ಗಟ್ಟಿಯಾಗಲು ಬಹಳ ಹೊತ್ತು ಹಿಡಿಯುತ್ತದೆ.

ತರಕಾರಿಯನ್ನು ಕುದಿಯುವ ನೀರಿಗೆ ಒಂದೆರಡು ನಿಮಿಷ ಹಾಕಿ, ತಕ್ಷಣ ತಣ್ಣೀರಿಗೆ ಹಾಕಿ, ಒರೆಸಿ ಇಡಿ. ಇಲ್ಲದಿದ್ದರೆ ಅದರೊಳಗಿನ ಕಿಣ್ವಗಳು ಚಳಿಯಲ್ಲೂ ಮೆಲ್ಲಗೆ ಕೆಲಸ ಮಾಡಿ ಬಣ್ಣ, ರುಚಿ ಕೆಡಿಸುತ್ತವೆ. ಗಾಜಿನ ಬಾಟಲಿ ಪೂರ್ತಿ ತುಂಬಿಸಬೇಡಿ, ನೀರು ಹೆಪ್ಪುಗಟ್ಟಿದಾಗ ಶೇಕಡ 9ರಷ್ಟು ಉಬ್ಬುತ್ತದೆ. ಸೋಡಾ ಕ್ಯಾನ್ ಅಂತೂ ಬೇಡವೇ ಬೇಡ. ಗಾಳಿ ಬರುವ ಕಿಂಡಿಗೆ ಅಡ್ಡ ಏನೂ ಇಡಬೇಡಿ. ಬಾಗಿಲ ಖಾನೆಯಲ್ಲಿ ತಾಪಮಾನ ಹೆಚ್ಚು ಏರಿಳಿಯುತ್ತದೆ, ಅಲ್ಲಿ ಬೇಗ ಖರ್ಚಾಗುವುದನ್ನು ಮಾತ್ರ ಇಡಿ.

ಮಾಂಸದ ಮೇಲೆ ಬಿಳಿ, ಒಣ ಕಲೆ ಬಂದಿದೆ. ಕೆಟ್ಟಿದೆಯಾ?

ಇದು ಫ್ರೀಜರ್ ಬರ್ನ್. ಐಸ್ ಕರಗದೆಯೇ ನೇರವಾಗಿ ಆವಿಯಾಗಿ ಹೋಗಿ ಮೇಲ್ಪದರ ಒಣಗಿದೆ. ತಿಂದರೆ ತೊಂದರೆ ಇಲ್ಲ, ರುಚಿ ಇಲ್ಲ ಅಷ್ಟೇ. ಆ ಭಾಗ ಕೊಯ್ದು ತೆಗೆಯಿರಿ. ಮುಂದಿನ ಸಲ ಚೀಲದ ಗಾಳಿಯನ್ನೆಲ್ಲ ಒತ್ತಿ ತೆಗೆದು ಬಿಗಿಯಾಗಿ ಸುತ್ತಿ. ಒಣ ಗಾಳಿ ಬೀಸುವ ಫ್ರಾಸ್ಟ್ ಫ್ರೀ ಮಾದರಿಯಲ್ಲಿ ಇದು ಬೇಗ ಬರುತ್ತದೆ.

ಎಷ್ಟು ತಿಂಗಳು ಇಡಬಹುದು?

ಮೈನಸ್ 18ರಲ್ಲೇ ಇದ್ದರೆ ಸುರಕ್ಷತೆಗೆ ಕಾಲಮಿತಿ ಇಲ್ಲ, ರುಚಿಗೆ ಇದೆ. ಕೊಚ್ಚಿದ ಮಾಂಸ 3–4 ತಿಂಗಳು, ಇಡೀ ಕೋಳಿ ಒಂದು ವರ್ಷ, ಕೊಬ್ಬಿನ ಮೀನು 2–3 ತಿಂಗಳು, ಸಾರು, ಬೇಯಿಸಿದ ಅಡುಗೆ 2–3 ತಿಂಗಳು, ತರಕಾರಿ 8ರಿಂದ 12 ತಿಂಗಳು. ಪ್ರತಿ ಪೊಟ್ಟಣಕ್ಕೂ ತಾರೀಖು ಬರೆಯಿರಿ. ಹೆಸರನ್ನೂ ಬರೆಯಿರಿ, ಹೆಪ್ಪುಗಟ್ಟಿದ ಮೇಲೆ ಎಲ್ಲವೂ ಒಂದೇ ಥರ ಕಾಣುತ್ತದೆ.

ಕರೆಂಟ್ ಹೋದರೆ ಎಷ್ಟು ಹೊತ್ತು ತಡೆಯುತ್ತದೆ?

ಬಾಗಿಲು ತೆರೆಯದಿದ್ದರೆ ತುಂಬಿದ ಫ್ರೀಜರ್ ಸುಮಾರು 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ ಅಂತ ಲೆಕ್ಕ. ಹೊರಗಿನ ಸೆಕೆ ಜಾಸ್ತಿ ಇದ್ದರೆ ಇಷ್ಟು ನಂಬಬೇಡಿ. ನೋಡೋಣ ಅಂತ ಪದೇ ಪದೇ ತೆರೆಯುವುದೇ ದೊಡ್ಡ ಅಪಾಯ. ಖಾಲಿ ಜಾಗದಲ್ಲಿ ನೀರಿನ ಬಾಟಲಿ ಇಟ್ಟು ಐಸ್ ಮಾಡಿಕೊಂಡಿದ್ದರೆ ಇಂಥ ಹೊತ್ತಲ್ಲಿ ಅದೇ ಆಸರೆ.

ಕರೆಂಟ್ ಬಂದ ಮೇಲೆ, ಇನ್ನೂ ಐಸಿನ ಹರಳು ಇರುವುದನ್ನು, ಅಥವಾ 4 ಡಿಗ್ರಿಗಿಂತ ತಣ್ಣಗಿರುವುದನ್ನು ಮತ್ತೆ ಹೆಪ್ಪುಗಟ್ಟಿಸಬಹುದು, ರುಚಿ ಸ್ವಲ್ಪ ಹೋಗುತ್ತದೆ. ಕರಗಿ ಬೆಚ್ಚಗಾಗಿದ್ದ ಮಾಂಸ, ಮೀನು, ಹಾಲಿನ ಪದಾರ್ಥ ಎಸೆಯಿರಿ. ಮೂಸಿ ನೋಡಿ, ರುಚಿ ನೋಡಿ ತೀರ್ಮಾನ ಮಾಡಬೇಡಿ.

ಊರಿಗೆ ಹೋಗುವಾಗ ಒಂದು ಲೋಟ ನೀರನ್ನು ಹೆಪ್ಪುಗಟ್ಟಿಸಿ, ಮೇಲೆ ಒಂದು ನಾಣ್ಯ ಇಟ್ಟು ಹೋಗಿ. ಬಂದಾಗ ನಾಣ್ಯ ಐಸಿನೊಳಗೆ ಇಳಿದಿದ್ದರೆ, ನೀವಿಲ್ಲದಾಗ ಎಲ್ಲ ಕರಗಿ ಮತ್ತೆ ಗಟ್ಟಿಯಾಗಿದೆ ಅಂತ ಅರ್ಥ.

ಕರೆಂಟ್ ಬಂದು ಹೋಗಿ ಮಾಡಿದರೆ ಯಂತ್ರಕ್ಕೆ ಏನಾಗುತ್ತದೆ?

ನಿಂತ ತಕ್ಷಣ ಮತ್ತೆ ಶುರುವಾಗಲು ಕಂಪ್ರೆಸರ್‌ಗೆ ಕಷ್ಟ, ಪೈಪಿನ ಎರಡು ಕಡೆಯ ಒತ್ತಡ ಸಮ ಆಗಬೇಕು. ಆಫ್ ಮಾಡಿದರೆ ಐದು ನಿಮಿಷ ಬಿಟ್ಟು ಆನ್ ಮಾಡಿ. ವೋಲ್ಟೇಜ್ ಏರುಪೇರು ಇದ್ದರೆ ತಡವಾಗಿ ಶುರು ಮಾಡುವ ಸ್ಟೆಬಿಲೈಸರ್ ಹಾಕಿ. ಎಕ್ಸ್‌ಟೆನ್ಷನ್ ವೈರು ಬೇಡ, ಅರ್ಥಿಂಗ್ ಇರುವ ಬೇರೆಯೇ ಪಾಯಿಂಟ್ ಇರಲಿ.

ಮೆಕ್ಯಾನಿಕ್ ಬಂದು ಗ್ಯಾಸ್ ತುಂಬಿಸಬೇಕು ಅಂದರು. ಒಪ್ಪಿಕೊಳ್ಳಬೇಕಾ?

ಗ್ಯಾಸ್ ಪೆಟ್ರೋಲಿನ ಹಾಗೆ ಖರ್ಚಾಗುವುದಲ್ಲ. ಅದು ಬೆಸುಗೆ ಹಾಕಿದ ಪೈಪಿನೊಳಗೆ ಸುತ್ತುತ್ತಾ ಇರುತ್ತದೆ. ಕಡಿಮೆಯಾಗಿದ್ದರೆ ಎಲ್ಲೋ ಲೀಕ್ ಇದೆ. ಮೊದಲು ಲೀಕ್ ತೋರಿಸಿ, ಮುಚ್ಚಿ, ಆಮೇಲೆ ತುಂಬಿಸಿ ಅನ್ನಿ. ನನಗೂ ಒಮ್ಮೆ ಹೀಗೇ ಗ್ಯಾಸ್ ತುಂಬಿಸಿ ಹೋದರು, ಎರಡೇ ತಿಂಗಳಲ್ಲಿ ಅದೇ ಹಾಡು. ಕರೆಯುವ ಮುಂಚೆ ಮೂರು ವಿಷಯ ನೀವೇ ನೋಡಿ: ರಬ್ಬರ್ ಬಿಗಿ ಇದೆಯಾ, ಹಿಂದೆ ಹೊರಗಡೆ ಕಾಯಿಲ್ ಇದ್ದರೆ ಅದರ ಮೇಲೆ ಧೂಳು ಕಟ್ಟಿದೆಯಾ, ತಾಪಮಾನ ಹೊಂದಿಸುವ ಥರ್ಮೋಸ್ಟಾಟ್ ಯಾರಾದರೂ ತಿರುಗಿಸಿದ್ದಾರಾ.

ಹಳೇ ಫ್ರೀಜರ್ ಹೊರಗೆ ಹಾಕುವುದು ಹೇಗೆ?

ಮೊದಲು ಬಾಗಿಲು ಬಿಚ್ಚಿ. ಇಲೆಕ್ಟ್ರಾನಿಕ್ ತ್ಯಾಜ್ಯ ತೆಗೆದುಕೊಳ್ಳುವವರು ನಾಳೆ ಬರುತ್ತಾರೆ ಅಂದರೂ ಇವತ್ತೇ ಬಿಚ್ಚಿ. ಹಿಂದೆ ಹೊರಗಿನಿಂದ ಕೊಂಡಿ ಬೀಳುವ ಬಾಗಿಲುಗಳಿದ್ದಾಗ, ಆಟಕ್ಕೆ ಒಳಗೆ ಹೊಕ್ಕ ಮಕ್ಕಳು ಹೊರಬರಲಾರದೆ ಸತ್ತದ್ದುಂಟು. ಅದಕ್ಕೇ ಅಮೆರಿಕ 1956ರಲ್ಲಿ, ಒಳಗಿನಿಂದಲೂ ತೆರೆಯುವ ಹಾಗೆ ಬಾಗಿಲು ಮಾಡಲೇಬೇಕು ಅಂತ ಕಾನೂನು ತಂದಿತು. ಈಗಿನ ಆಯಸ್ಕಾಂತದ ರಬ್ಬರ್ ತಳ್ಳಿದರೆ ಬಿಡುತ್ತದೆ. ಆದರೆ ಬೀಗ ಇರುವ ಮಾದರಿಗಳಿವೆ, ಗೋಡೆಗೆ ಮುಖ ಮಾಡಿ ನಿಲ್ಲಿಸಿದ ಫ್ರೀಜರ್‌ಗಳೂ ಇರುತ್ತವೆ. ಹಿಂಜಿನ ಎರಡು ಮೂರು ಸ್ಕ್ರೂ ತೆಗೆದರೆ ಹತ್ತು ನಿಮಿಷದ ಕೆಲಸ. ಒಳಗಿನ ಡ್ರಾಯರ್‌ಗಳನ್ನು ಬೇಕಾದರೆ ಇಟ್ಟುಕೊಳ್ಳಿ, ಗಟ್ಟಿ ಪ್ಲಾಸ್ಟಿಕ್, ಈರುಳ್ಳಿ ಹಾಕಲು ಚೆನ್ನಾಗಿರುತ್ತವೆ.